ಜೆ ಡಿಲ್ಲಾ: ನೆಟ್ಟಗಿರುವ ಹ್ಯಾಟ್, ಒಂಚೂರು ಮುಂಚೆ ಬೀಳುವ ಸ್ನೇರ್

ಕ್ವಾಂಟೈಸ್ (ಪೆಟ್ಟುಗಳನ್ನು ಯಂತ್ರವೇ ಕರಾರುವಾಕ್ ಜಾಗಕ್ಕೆ ಕೂರಿಸುವ ಸೌಲಭ್ಯ) ಆಫ್ ಮಾಡಿ ಕೈಗೆ ಬಂದ ಹಾಗೆ ಪ್ಯಾಡ್ ಕುಟ್ಟಿದರೆ ಅಮೆರಿಕದ ಹಿಪ್‌ಹಾಪ್ ಬೀಟ್ ನಿರ್ಮಾಪಕ ಜೆ ಡಿಲ್ಲಾ ಥರದ ಬೀಟ್ ಬಂದುಬಿಡುತ್ತೆ ಅನ್ನೋ ನಂಬಿಕೆ ಬೀಟ್ ಮಾಡುವವರಲ್ಲಿ ಬಲವಾಗಿದೆ. ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರ ಕಡೆ ಫೋನಲ್ಲೋ ಹಳೇ ಲ್ಯಾಪ್‌ಟಾಪಲ್ಲೋ ಬೀಟ್ ಕಟ್ಟಿ, ಕನ್ನಡದಲ್ಲೋ ಕೊಡವ ತಕ್ಕ್‌ನಲ್ಲೋ ರ‍್ಯಾಪ್ ಮಾಡಲು ಹೊರಟವರೂ ಅಲ್ಲಿಂದಲೇ ಶುರು ಮಾಡಿದರೆ ನಾಲ್ಕು ಬೀಟ್ ಕೆಡಿಸಿ ಬೇಸತ್ತು ಬಿಡುತ್ತಾರೆ. ಡಿಲ್ಲಾ ಮಾಡಿದ್ದು ಅದಲ್ಲ. ಅವನು ಒಂದೇ ಬೀಟಿನೊಳಗೆ ಎರಡು ಬೇರೆ ನಡೆಗಳನ್ನು ಇಟ್ಟು, ಒಂದು ಇನ್ನೊಂದನ್ನು ಜಗ್ಗುವ ಹಾಗೆ ಮಾಡಿದ. ಯಾವ ಪೆಟ್ಟು ನೆಟ್ಟಗಿರಬೇಕು, ಯಾವುದು ಜಾರಬೇಕು, ಎಷ್ಟು ಜಾರಬೇಕು ಅನ್ನೋದರಲ್ಲಿ ಲೆಕ್ಕ ಇದೆ. ಆ ಲೆಕ್ಕ ತಿಳಿದರೆ ಫೋನಲ್ಲೂ ಮಾಡಬಹುದು. ಅವನ ಬದುಕು ಆ ಲೆಕ್ಕದಿಂದ ಬೇರೆಯಲ್ಲ, ಹಾಗಾಗಿ ಎರಡನ್ನೂ ಒಟ್ಟಿಗೇ ಬರೆಯುತ್ತೇನೆ.

ಪೂರ್ತಿ ಹೆಸರು ಜೇಮ್ಸ್ ಡೆವಿಟ್ ಯಾನ್ಸಿ. ಹುಟ್ಟಿದ್ದು 1974ರ ಫೆಬ್ರವರಿ 7ರಂದು, ಕಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ನಲ್ಲಿ. ಬೆಳೆದದ್ದು ಆ ಊರಿನ ಕೊನಾಂಟ್ ಗಾರ್ಡನ್ಸ್ ಬಡಾವಣೆಯಲ್ಲಿ. ತಾಯಿ ಮೊರೀನ್ ಒಪೆರಾ ಹಾಡಿ ಪಳಗಿದವರು, ತಂದೆ ಬೆವರ್ಲಿ ಜಾಸ್ ಬೇಸ್ ನುಡಿಸುತ್ತಿದ್ದವರು. ಮನೆ ತುಂಬ ರೆಕಾರ್ಡುಗಳು. ಪರ್ಶಿಂಗ್ ಹೈಸ್ಕೂಲಿನಲ್ಲಿ ಟಿ-ತ್ರೀ ಮತ್ತು ಬಾಟಿನ್ ಸಿಕ್ಕಿದರು, ಮೂವರೂ ಸೇರಿ ಕಟ್ಟಿದ ತಂಡವೇ ಮುಂದೆ ಸ್ಲಮ್ ವಿಲೇಜ್ ಆಯಿತು. ಅದೇ ಬಡಾವಣೆಯಲ್ಲಿ ಆಂಪ್ ಫಿಡ್ಲರ್ ಅನ್ನೋ ಕೀಬೋರ್ಡ್ ವಾದಕರಿದ್ದರು, ಜಾರ್ಜ್ ಕ್ಲಿಂಟನ್ ಅವರ ಫಂಕ್ ತಂಡದಲ್ಲಿ ನುಡಿಸುತ್ತಿದ್ದವರು. ಅವರ ಮನೆಯಲ್ಲಿ ಎಂಪಿಸಿ ಯಂತ್ರ ಇತ್ತು, ದನಿಯ ತುಣುಕುಗಳನ್ನು (ಸ್ಯಾಂಪಲ್) ಪ್ಯಾಡುಗಳಿಗೆ ಹಾಕಿ ಬೆರಳಲ್ಲಿ ನುಡಿಸಿ ಬೀಟ್ ಕಟ್ಟುವಂಥದ್ದು. ಬಡಾವಣೆಯ ಹುಡುಗರನ್ನು ಮನೆಗೆ ಕರೆದು, ಯಂತ್ರದ ಮುಂದೆ ಕೂರಿಸಿ, ಕಲಿಯಲು ಬಿಟ್ಟರು. ಡಿಲ್ಲಾ ಎಷ್ಟೇ ಪ್ರತಿಭಾವಂತ ಆದರೂ, ತನ್ನ ದುಬಾರಿ ಯಂತ್ರವನ್ನು ಅಕ್ಕಪಕ್ಕದ ಮನೆಯ ಹುಡುಗನ ಕೈಗೆ ಕೊಟ್ಟ ಆ ಹಿರಿಯರಿಲ್ಲದೆ ಈ ಕಥೆಯೇ ಇಲ್ಲ ಅಂತ ನನಗನ್ನಿಸುತ್ತೆ.

1994ರಲ್ಲಿ ಲೊಲಾಪಲೂಜಾ ಸಂಗೀತ ಪ್ರವಾಸದ ಹೊತ್ತಿಗೆ ಫಿಡ್ಲರ್ ಅವರೇ ಡಿಲ್ಲಾನನ್ನು ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದ ಕ್ಯೂ-ಟಿಪ್‌ಗೆ ಪರಿಚಯ ಮಾಡಿಸಿದರು. ಅಲ್ಲಿಂದ ಕೆಲಸ ಒಂದರ ಹಿಂದೆ ಒಂದು ಬಂತು. 1995ರಲ್ಲಿ ದಿ ಫಾರ್ಸೈಡ್ ತಂಡಕ್ಕೆ ‘ರನ್ನಿನ್’, 1996ರಲ್ಲಿ ಡಿ ಲಾ ಸೋಲ್‌ಗೆ ‘ಸ್ಟೇಕ್ಸ್ ಈಸ್ ಹೈ’. ಅದೇ ವರ್ಷ ಕ್ಯೂ-ಟಿಪ್, ಅಲಿ ಶಹೀದ್ ಮುಹಮ್ಮದ್ ಜೊತೆ ಸೇರಿ ‘ದಿ ಉಮ್ಮಾ’ ಅನ್ನೋ ಒಂದೇ ಹೆಸರಿನಡಿ ಟ್ರೈಬ್ ಆಲ್ಬಮ್‌ಗೆ ಬೀಟ್ ಮಾಡಿದ. ಒಂದೇ ಹೆಸರಿನಡಿ ಮೂವರ ಕೆಲಸ ಬಂದಾಗ ಯಾವ ಬೀಟ್ ಯಾರದ್ದು ಅಂತ ಕೇಳುಗನಿಗೆ ತಿಳಿಯುವುದಿಲ್ಲ. ಡಿಲ್ಲಾನ ಎಷ್ಟೋ ಕೆಲಸ ಹೀಗೆ ವರ್ಷಗಟ್ಟಲೆ ಅವನ ಹೆಸರಿಲ್ಲದೆ ಓಡಾಡಿತು. ಈ ಮಾತು ನೆನಪಿರಲಿ, ಕೊನೆಗೆ ಬೇಕಾಗುತ್ತೆ.

2000 ಅವನ ದೊಡ್ಡ ವರ್ಷ. ಸ್ಲಮ್ ವಿಲೇಜ್‌ನ ‘ಫೆಂಟಾಸ್ಟಿಕ್ ವಾಲ್ಯೂಮ್ 2’ ಬಂತು, ರ‍್ಯಾಪರ್ ಕಾಮನ್‌ನ ‘ಲೈಕ್ ವಾಟರ್ ಫಾರ್ ಚಾಕೊಲೇಟ್’ ಬಂತು, ಎರಿಕಾ ಬಾಡು ಹಾಡಿದ ‘ಡಿಡಂಟ್ ಚಾ ನೋ’ ಬಂತು. ಕ್ವೆಸ್ಟ್‌ಲವ್, ಡಿ'ಆಂಜೆಲೊ, ಜೇಮ್ಸ್ ಪಾಯ್ಸರ್ ಜೊತೆಗಿನ ‘ಸೋಲ್‌ಕ್ವೇರಿಯನ್ಸ್’ ಬಳಗದಲ್ಲಿ ಅವನೂ ಒಬ್ಬ. ಅಲ್ಲಿ ಒಂದು ವಿಚಿತ್ರ ನಡೆಯಿತು. ಯಂತ್ರದಲ್ಲಿ ಮಾಡಿದ ಅವನ ಬೀಟಿನ ಜಾರುವ ನಡೆಯನ್ನು ನಿಜವಾದ ಡ್ರಮ್ ನುಡಿಸುವ ಕ್ವೆಸ್ಟ್‌ಲವ್ ಕೈಯಿಂದ ಕಲಿಯತೊಡಗಿದ. ವರ್ಷಗಟ್ಟಲೆ ಮೆಟ್ರೊನೋಮ್ ಇಟ್ಟು ನೆಟ್ಟಗೆ ನುಡಿಸಲು ಅಭ್ಯಾಸ ಮಾಡಿದವನಿಗೆ ಅದನ್ನು ಬಿಡುವುದು ದೊಡ್ಡ ಕಷ್ಟ. 2000ದಲ್ಲೇ ಬಂದ ಡಿ'ಆಂಜೆಲೊನ ‘ವೂಡೂ’ ಆಲ್ಬಮ್ಮಿನ ಡ್ರಮ್ಮು, ಬೇಸು ಎರಡರಲ್ಲೂ ಆ ಕಲಿಕೆ ಕೇಳುತ್ತೆ. ಮನುಷ್ಯರು ಯಂತ್ರವನ್ನು ಅನುಕರಿಸಿದ್ದು ಅಂತ ಬರೆದು ಮುಗಿಸುವವರು ಬಹಳ. ಆದರೆ ಆ ಯಂತ್ರದ ಹಿಂದೆ ಇದ್ದದ್ದೂ ಒಬ್ಬ ಮನುಷ್ಯನ ಕಿವಿಯೇ.

ಈಗ ಲೆಕ್ಕಕ್ಕೆ ಬರೋಣ.

ಡಿಲ್ಲಾನ ಮುಖ್ಯ ಯಂತ್ರ ಅಕಾಯ್ ಎಂಪಿಸಿ 3000. ರೋಜರ್ ಲಿನ್ ವಿನ್ಯಾಸ, 1994ರಲ್ಲಿ ಬಂದದ್ದು. 16 ರಬ್ಬರ್ ಪ್ಯಾಡ್, 16 ಬಿಟ್ ಸ್ಯಾಂಪಲಿಂಗ್. ಅದಕ್ಕೂ ಮುಂಚೆ ಎಸ್‌ಪಿ-1200 ಬಳಸುತ್ತಿದ್ದ. ಅದು 12 ಬಿಟ್, ಒಟ್ಟು 10 ಸೆಕೆಂಡ್ ಮಾತ್ರ ಹಿಡಿಸುವಂಥದ್ದು. ಹಾಗಾಗಿ ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ರೆಕಾರ್ಡನ್ನು 45ರ ವೇಗದಲ್ಲಿ ತಿರುಗಿಸಿ ಸ್ಯಾಂಪಲ್ ಮಾಡಿ, ಯಂತ್ರದೊಳಗೆ ಸುಮಾರು ಐದು ಸ್ವರಸ್ಥಾನ ಕೆಳಗಿಳಿಸುವುದು ಆಗಿನವರ ಉಪಾಯ. 10 ಸೆಕೆಂಡಿನ ಜಾಗದಲ್ಲಿ 13.5 ಸೆಕೆಂಡಿನ ಸಂಗೀತ ಹಿಡಿಯುತ್ತಿತ್ತು, ಜೊತೆಗೆ ದನಿಗೆ ಒಂದು ಒರಟು ಬರುತ್ತಿತ್ತು. ಇವತ್ತಿಗೂ ಫೋನಲ್ಲಿ ಸ್ಯಾಂಪಲನ್ನು ಐದು ಸ್ವರಸ್ಥಾನ ಏರಿಸಿ, 26 ಕಿಲೋಹರ್ಟ್ಸ್‌ಗೆ ಇಳಿಸಿ ಸೇವ್ ಮಾಡಿ, ಮತ್ತೆ ಐದು ಕೆಳಗೆ ತಂದರೆ ಆ ಒರಟಿನ ಹತ್ತಿರಕ್ಕೆ ಬರಬಹುದು.

ಎಂಪಿಸಿ ಒಂದು ಬಡಿತವನ್ನು, ಅಂದರೆ ಕಾಲು ತಟ್ಟುವ ಒಂದು ಎಣಿಕೆಯನ್ನು, 96 ಚೂರು ಮಾಡುತ್ತೆ. ಆ ಚೂರಿಗೆ ಟಿಕ್ ಅಂತಾರೆ. 90 ಬಿಪಿಎಂ (ನಿಮಿಷಕ್ಕೆ 90 ಬಡಿತ) ವೇಗದಲ್ಲಿ ಒಂದು ಬಡಿತ 667 ಮಿಲಿಸೆಕೆಂಡ್, ಹಾಗಾಗಿ ಒಂದು ಟಿಕ್ ಸುಮಾರು 7 ಮಿಲಿಸೆಕೆಂಡ್. ಡಿಲ್ಲಾ ಆಟ ಆಡಿದ್ದು ಇಂಥ ಕೆಲವೇ ಟಿಕ್ಕಿನ ಒಳಗೆ. ಎಫ್‌ಎಲ್ ಸ್ಟುಡಿಯೋ ಅನ್ನೋ ಬೀಟ್ ಮಾಡುವ ಸಾಫ್ಟ್‌ವೇರ್ ಕೂಡ ತಾನಾಗಿ 96ಕ್ಕೇ ಸೆಟ್ ಆಗಿರುತ್ತೆ, ಹಾಗಾಗಿ ಕೆಳಗಿನ ಅಂಕಿಗಳನ್ನು ಅದರಲ್ಲಿ ಹಾಗೇ ಬಳಸಬಹುದು. ರೀಪರ್‌ನಲ್ಲಿ ಬಡಿತಕ್ಕೆ 960 ಇರುವುದರಿಂದ ಹತ್ತರಿಂದ ಗುಣಿಸಿಕೊಳ್ಳಿ.

ಎರಡನೆಯದು ಸ್ವಿಂಗ್, ಅಂದರೆ ಒಂದು ಜೋಡಿ ಪೆಟ್ಟಿನಲ್ಲಿ ಮೊದಲನೆಯದು ಜೋಡಿಯ ಶೇಕಡಾ ಎಷ್ಟು ಕಾಲ ಹಿಡಿಯುತ್ತೆ ಅನ್ನೋ ಅಂಕಿ. 50 ಅಂದರೆ ಪೂರ್ತಿ ನೆಟ್ಟಗೆ: ತಕಧಿಮಿ, ನಾಲ್ಕೂ ಸಮ. 66 ಅಂದರೆ ತಿಸ್ರ: ತಕಿಟದ ಮೊದಲ ಎರಡು ಅಕ್ಷರದಷ್ಟು ಉದ್ದ ಒಂದು, ಕೊನೆಯ ಅಕ್ಷರದಷ್ಟು ಇನ್ನೊಂದು. ಜಾಸ್‌ನ ತೂಗಾಟ ಹೆಚ್ಚಾಗಿ ಈ 66ರ ಸುತ್ತ. ಡಿಲ್ಲಾನ ರುಚಿ ಇರುವುದು ನಡುವೆ. 60ಕ್ಕೆ ಇಟ್ಟರೆ ಮೂರಕ್ಕೆ ಎರಡು, ಅಂದರೆ ಖಂಡ ನಡೆ. 57ಕ್ಕೆ ಇಟ್ಟರೆ ನಾಲ್ಕಕ್ಕೆ ಮೂರು, ಮಿಶ್ರ ನಡೆ. ಪಾಶ್ಚಾತ್ಯ ಸಂಗೀತಗಾರರು ಇದನ್ನು ಬಿಡಿಸಿ ಹೇಳಲು ಪುಟಗಟ್ಟಲೆ ಬರೆಯುತ್ತಾರೆ. ಮೃದಂಗ ಪಾಠಕ್ಕೆ ಸ್ವಲ್ಪ ದಿನ ಹೋದ ಮಕ್ಕಳೂ ‘ತಕತಕಿಟ’ವನ್ನು ಬಾಯಲ್ಲಿ ಹೇಳುತ್ತಾರೆ. ಕೈಯಲ್ಲಿ ನೆಟ್ಟಗೆ ತಾಳ ಹಾಕುತ್ತಾ ಬಾಯಲ್ಲಿ ಖಂಡ ಹೇಳಿ ನೋಡಿ, ಹತ್ತು ನಿಮಿಷ ಸಾಕು, ಬೀಟ್ ಶುರು ಮಾಡುವ ಮುಂಚೆ ಮಾಡಬೇಕಾದ ಅಭ್ಯಾಸ ಇದೇ.

ಆದರೆ ಸ್ವಿಂಗನ್ನು ಇಡೀ ಬೀಟಿಗೆ ಒಂದೇ ಸಮ ಹಾಕಿದರೆ ಅದು ಡಿಲ್ಲಾ ಆಗುವುದಿಲ್ಲ, ಬರೀ ಸ್ವಿಂಗ್ ಆಗುತ್ತೆ. ಅವನು ಒಂದು ವಾದ್ಯವನ್ನು ನೆಟ್ಟಗೆ ಬಿಟ್ಟು ಇನ್ನೊಂದನ್ನು ತೂಗಿಸುತ್ತಿದ್ದ. (ಕಿಕ್ ಅಂದರೆ ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್, ಸ್ನೇರ್ ಅಂದರೆ ಚುರುಕು ದನಿಯ ಡ್ರಮ್, ಹ್ಯಾಟ್ ಅಥವಾ ಹೈ-ಹ್ಯಾಟ್ ಅಂದರೆ ಜೋಡಿ ಸಿಂಬಲ್.) ಯಂತ್ರದಲ್ಲಿ ಒಂದು ಟ್ರ್ಯಾಕಿನ ಪೆಟ್ಟುಗಳನ್ನು ಟಿಕ್ ಲೆಕ್ಕದಲ್ಲಿ ಮುಂಚೆಗೋ ತಡವಾಗೋ ಸರಿಸುವ ಸೌಲಭ್ಯ ಇತ್ತು, ಅದನ್ನು ಸ್ನೇರ್‌ಗೆ ಬಳಸಿ ಒಂಚೂರು ಮುಂಚೆ ಎಳೆದ. ಕಿಕ್ಕನ್ನು ಕ್ವಾಂಟೈಸ್ ಇಲ್ಲದೆ ಬೆರಳಲ್ಲಿ ನುಡಿಸಿದ. ಕ್ವಾಂಟೈಸ್ ಆಫ್ ಅನ್ನೋ ಮಾತು ಬಂದದ್ದು ಆ ಕಿಕ್‌ನಿಂದ ಇರಬೇಕು, ಜನ ಅದನ್ನು ಇಡೀ ಬೀಟಿಗೆ ಹಚ್ಚಿದರು.

ಮಾಡಿ ನೋಡಲು ಒಂದು ನಕ್ಷೆ ಕೊಡುತ್ತೇನೆ. ವೇಗ 90. ಒಂದು ಆವರ್ತಕ್ಕೆ 16 ಮನೆ. ಹೈ-ಹ್ಯಾಟ್ ಅನ್ನು 1, 3, 5, 7, 9, 11, 13, 15ರಲ್ಲಿ ಇಡಿ, ಪೂರ್ತಿ ನೆಟ್ಟಗೆ, ಇದನ್ನು ಮತ್ತೆ ಮುಟ್ಟಬೇಡಿ. ಜೋರು ಮಾತ್ರ ಒಂದಕ್ಕೆ 100, ಮುಂದಿನದಕ್ಕೆ 70 ಹೀಗೆ ಬದಲಿಸಿ. ಸ್ನೇರ್ 5 ಮತ್ತು 13ರಲ್ಲಿ, ಎರಡನ್ನೂ 3 ಟಿಕ್ ಮುಂಚೆ, ಸುಮಾರು 21 ಮಿಲಿಸೆಕೆಂಡ್. ಕಿಕ್ 1, 8, 11ರಲ್ಲಿ. ಮೊದಲನೆಯದು ಸರಿಯಾಗಿ ಒಂದರ ಮೇಲೇ ಬೀಳಲಿ. 8ನೇ ಮನೆಯದನ್ನು 4 ಟಿಕ್ ತಡ ಮಾಡಿ, ಅದು 58ರ ಸ್ವಿಂಗ್‌ಗೆ ಸಮ. 11ರದ್ದು 2 ಟಿಕ್ ತಡ. ಬೇಸ್ ಇದ್ದರೆ ಕಿಕ್ಕಿನ ಜೊತೆಗೆ ಅಥವಾ ಅದಕ್ಕಿಂತ ಇನ್ನೊಂದು ಟಿಕ್ ಹಿಂದೆ. ಈಗ ಎರಡು ಆವರ್ತದ ಲೂಪ್ ಮಾಡಿ, ಎರಡನೇ ಆವರ್ತದಲ್ಲಿ ಒಂದು ಕಿಕ್ಕನ್ನು ಮಾತ್ರ ಬದಲಿಸಿ, ಐದು ನಿಮಿಷ ಬಿಡದೆ ಕೇಳಿ. ಮೊದಲ ನಿಮಿಷ ಎಡವಿದ ಹಾಗೆ ಕೇಳುತ್ತೆ. ಮೂರನೇ ನಿಮಿಷಕ್ಕೆ ತಲೆ ತಾನಾಗಿ ಅಲ್ಲಾಡಲು ಶುರುವಾದರೆ ಅಳತೆ ಸರಿ ಬಿದ್ದಿದೆ.

ಅಲ್ಲಾಡದಿದ್ದರೆ ಕಾರಣ ಹುಡುಕಬೇಕು. ಎಲ್ಲ ವಾದ್ಯವೂ ಜಾರಿದ್ದರೆ ಕಿವಿಗೆ ಹಿಡಿದುಕೊಳ್ಳಲು ಗೂಟವೇ ಇಲ್ಲ, ಬೀಟ್ ಬರೀ ಸೋಮಾರಿಯಾಗಿ ಕೇಳುತ್ತೆ. ಹ್ಯಾಟ್ ನೆಟ್ಟಗಿರಬೇಕು ಅಂದದ್ದು ಇದಕ್ಕೇ. ಸ್ನೇರ್ 30 ಮಿಲಿಸೆಕೆಂಡಿಗಿಂತ ಮುಂಚೆ ಹೋದರೆ ಹ್ಯಾಟ್ ಮತ್ತು ಸ್ನೇರ್ ಎರಡು ಬೇರೆ ಪೆಟ್ಟಾಗಿ ಒಡೆದು ಕೇಳುತ್ತವೆ. ಅದರೊಳಗೆ ಇದ್ದರೆ ಒಂದೇ ದಪ್ಪ ಪೆಟ್ಟು. ವೇಗ ಬದಲಿಸಿದಾಗ ಟಿಕ್ಕಿನ ಉದ್ದವೂ ಬದಲಾಗುತ್ತೆ ಅನ್ನೋದನ್ನು ಬಹಳ ಜನ ಮರೆಯುತ್ತಾರೆ: 75 ಬಿಪಿಎಂನಲ್ಲಿ ಒಂದು ಟಿಕ್ 8 ಮಿಲಿಸೆಕೆಂಡ್ ದಾಟುತ್ತೆ, 100ರಲ್ಲಿ ಆರು ಚಿಲ್ಲರೆ. ಹಾಗಾಗಿ ವೇಗ ಮೊದಲು ಗಟ್ಟಿ ಮಾಡಿ, ಆಮೇಲೆ ಸರಿಸಿ.

ಸಾಫ್ಟ್‌ವೇರಿನ ‘ಹ್ಯೂಮನೈಸ್’ ಗುಂಡಿ ಒತ್ತಬೇಡಿ. ಅದು ಪ್ರತಿ ಪೆಟ್ಟನ್ನು ಗೊತ್ತುಗುರಿ ಇಲ್ಲದೆ ಅತ್ತಿತ್ತ ಮಾಡುತ್ತೆ. ಡಿಲ್ಲಾನ ಜಾರುವಿಕೆ ಪ್ರತಿ ಲೂಪಿನಲ್ಲೂ ಅದೇ ಜಾಗದಲ್ಲಿ ಅಷ್ಟೇ ಜಾರುತ್ತೆ. ಮತ್ತೆ ಮತ್ತೆ ಕೇಳಿ ಕಿವಿ ಅದನ್ನು ಕಲಿಯುತ್ತೆ, ಬರುವ ಮುಂಚೆಯೇ ಕಾಯಲು ಶುರು ಮಾಡುತ್ತೆ. ಸುಖ ಇರುವುದು ಆ ಕಾಯುವುದರಲ್ಲಿ.

ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಪ್ಯಾಡ್ ನುಡಿಸುವುದು ಇನ್ನೊಂದು ದೊಡ್ಡ ಎಡವಟ್ಟು. ಅದರಲ್ಲಿ ದನಿ ಕಿವಿಗೆ ತಲುಪಲು ನೂರು ಮಿಲಿಸೆಕೆಂಡಿಗೂ ಹೆಚ್ಚು ತಡವಾಗುವುದು ಸಾಮಾನ್ಯ. ನೀವು ಏಳು ಮಿಲಿಸೆಕೆಂಡಿನ ಅಳತೆಯಲ್ಲಿ ಕೆಲಸ ಮಾಡುತ್ತಿದ್ದೀರಿ. ತಂತಿ ಇರುವ ಇಯರ್‌ಫೋನೇ ಬೇಕು. ಎಂಪಿ3 ಸ್ಯಾಂಪಲ್ ಕೂಡ ಮೋಸ ಮಾಡುತ್ತೆ. ಎಂಪಿ3 ಮಾಡುವಾಗ ಫೈಲಿನ ತಲೆಗೆ ಒಂದಿಷ್ಟು ಮೌನ ಸೇರಿಕೊಳ್ಳುತ್ತೆ, ಕಣ್ಣಿಗೆ ಕಾಣದಷ್ಟು ಕಡಿಮೆ, ಆದರೆ ಕೆಲವು ಟಿಕ್ಕಿಗೆ ಸಮ. ಕಿಕ್ ಯಾಕೋ ಎಷ್ಟು ಮುಂಚೆ ಎಳೆದರೂ ತಡ ಅನ್ನಿಸಿದರೆ ಮೊದಲು ಸ್ಯಾಂಪಲನ್ನು ಹಿಗ್ಗಿಸಿ ನೋಡಿ, ತಲೆಯ ಮೌನ ಕತ್ತರಿಸಿ, ವೇವ್ ಫೈಲಾಗಿ ಉಳಿಸಿಕೊಳ್ಳಿ. ಎರಡು ಕಿಕ್ ಒಂದರ ಮೇಲೊಂದು ಹಾಕಿದಾಗ ಜೋರಾಗುವ ಬದಲು ತೆಳುವಾದರೆ ಅವೆರಡರ ಅಲೆಗಳು ಒಂದನ್ನೊಂದು ಹೊಡೆದು ಹಾಕುತ್ತಿವೆ. ಒಂದರ ಅಲೆಯನ್ನು ತಲೆಕೆಳಗು ಮಾಡಿ, ಅಥವಾ ಒಂದೆರಡು ಮಿಲಿಸೆಕೆಂಡ್ ಸರಿಸಿ.

ಸ್ಯಾಂಪಲ್ ಕತ್ತರಿಸುವುದರಲ್ಲಿ ಅವನ ಕೈಚಳಕ ಡ್ರಮ್ಮಿಗಿಂತ ಕಡಿಮೆಯದಲ್ಲ. ಇದಕ್ಕೆ ಒಳ್ಳೆಯ ಪಾಠ ‘ಡೋನಟ್ಸ್’ ಆಲ್ಬಮ್ಮಿನ ‘ಡೋಂಟ್ ಕ್ರೈ’. ದಿ ಎಸ್ಕಾರ್ಟ್ಸ್ ತಂಡದ ಹಳೆಯ ಸೋಲ್ ಹಾಡು ಅದರ ಮೂಲ. ಮೊದಲು ಆ ಹಾಡನ್ನು ಒಂದಿಷ್ಟು ಹೊತ್ತು ಹಾಗೇ ಹರಿಯಲು ಬಿಡುತ್ತಾನೆ, ಕೇಳುಗನಿಗೆ ಅದು ಪರಿಚಯವಾಗಲಿ ಅಂತ. ಆಮೇಲೆ ಅದೇ ಹಾಡನ್ನು ಚೂರು ಚೂರು ಮಾಡಿ ಹೊಸ ಕ್ರಮದಲ್ಲಿ ಜೋಡಿಸುತ್ತಾನೆ. ಒಂದೊಂದು ಚೂರಿನ ತುದಿಯನ್ನು ಗಮನಿಸಿ. ಸ್ವರ ಶುರುವಾಗುವ ಕರಾರುವಾಕ್ ಜಾಗದಲ್ಲಿ ಕತ್ತರಿಸಿದರೆ ಚೂರು ಶುದ್ಧವಾಗಿ, ಒಣಗಿ ಕೇಳುತ್ತೆ. ಒಂದು ಕೂದಲೆಳೆ ಮುಂಚೆ ಕತ್ತರಿಸಿದರೆ ಹಿಂದಿನ ಸ್ವರದ ಬಾಲ ಅಂಟಿಕೊಂಡು ಬರುತ್ತೆ, ಚೂರಿಗೆ ಉಸಿರು ಇರುತ್ತೆ. ನೀವು ಮಾಡುವಾಗ ಒಂದೇ ಚೂರನ್ನು ಮೂರು ಥರ ಕತ್ತರಿಸಿ ಮೂರು ಪ್ಯಾಡಿಗೆ ಹಾಕಿ: ನೇರ ಸ್ವರದ ಮೇಲೆ, 10 ಮಿಲಿಸೆಕೆಂಡ್ ಮುಂಚೆ, 30 ಮುಂಚೆ. ಅದೇ ಬೀಟಿನ ಮೇಲೆ ಮೂರನ್ನೂ ಬದಲಿಸಿ ನುಡಿಸಿದರೆ ಚೂರಿನ ಕತ್ತರಿಯೇ ಕಾಲವನ್ನು ಹೇಗೆ ಸರಿಸುತ್ತೆ ಅಂತ ತಿಳಿಯುತ್ತೆ. ಪ್ರತಿ ಚೂರೂ ಮುಂದಿನದು ಬಿದ್ದ ಕೂಡಲೇ ನಿಲ್ಲುವ ಹಾಗೆ, ಒಟ್ಟಿಗೆ ಎರಡು ಮೊಳಗದ ಹಾಗೆ ಸೆಟ್ ಮಾಡಿಕೊಳ್ಳಿ. ಇಲ್ಲದಿದ್ದರೆ ಒಂದರ ಬಾಲ ಇನ್ನೊಂದರ ತಲೆಗೆ ಸುತ್ತಿಕೊಂಡು ಕೆಸರಾಗುತ್ತೆ.

ಬೇಸ್ ನುಡಿಸಲು ಬರದವರಿಗೆ ಆ ಕಾಲದ ಇನ್ನೊಂದು ಉಪಾಯ: ಸ್ಯಾಂಪಲಿನ ಒಂದು ಪ್ರತಿ ಮಾಡಿ, ಸುಮಾರು 200 ಹರ್ಟ್ಸ್‌ಗಿಂತ ಮೇಲಿನದನ್ನೆಲ್ಲ ಫಿಲ್ಟರ್‌ನಲ್ಲಿ ಕತ್ತರಿಸಿ. ಉಳಿಯುವುದು ಮೂಲ ಹಾಡಿನ ಬೇಸ್ ಮಾತ್ರ, ಮೆತ್ತಗೆ, ಕಂಬಳಿ ಹೊದ್ದ ಹಾಗೆ. ಮೂಲ ಪ್ರತಿಯ ತಳವನ್ನು ಅದೇ 200ರ ಕೆಳಗೆ ಕತ್ತರಿಸಲು ಮರೆಯಬೇಡಿ.

ರ‍್ಯಾಪರ್ ಆಗಿ ಅವನನ್ನು ಜನ ಕಡೆಗಣಿಸುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಅವನ ಪದಗಳಲ್ಲಿ ಆಳವಾದ ಕಥೆ ಇಲ್ಲ, ಕಾರು, ಹಣ, ಊರಿನ ಗತ್ತು ಅಷ್ಟೇ ಇರುವುದು ನಿಜ. ಆದರೆ ಪದ ಬೀಳುವ ಜಾಗ ಕೇಳಿ. ಬೀಟ್ ಜಾರಿದಲ್ಲಿ ಪದ ನೆಟ್ಟಗೆ, ಬೀಟ್ ನೆಟ್ಟಗಿದ್ದಲ್ಲಿ ಪದ ಜಾರುತ್ತೆ. 2003ರ ‘ಚಾಂಪಿಯನ್ ಸೌಂಡ್’ ಇದಕ್ಕೆ ಹೇಳಿ ಮಾಡಿಸಿದ್ದು. ಮ್ಯಾಡ್‌ಲಿಬ್ ಜೊತೆ ಜೇಲಿಬ್ ಹೆಸರಲ್ಲಿ ಮಾಡಿದ ಆ ಆಲ್ಬಮ್ಮಿನಲ್ಲಿ ಒಬ್ಬ ಬೀಟ್ ಮಾಡಿದ ಹಾಡಿಗೆ ಇನ್ನೊಬ್ಬ ರ‍್ಯಾಪ್ ಮಾಡುತ್ತಾನೆ. 2001ರಲ್ಲಿ ಜೇ ಡೀ ಅನ್ನೋ ಹಳೇ ಹೆಸರು ಬಿಟ್ಟು ಜೆ ಡಿಲ್ಲಾ ಅಂತ ಹೆಸರಿಟ್ಟುಕೊಂಡ ಹೊತ್ತಿನಲ್ಲಿ ‘ವೆಲ್ಕಮ್ ಟು ಡೆಟ್ರಾಯಿಟ್’ ಬಂದಿತ್ತು. ಆಮೇಲೆ ಎಂಸಿಎ ಕಂಪನಿಗೆ ಒಂದು ಆಲ್ಬಮ್ ಮಾಡಿದ, ಅದರಲ್ಲಿ ಹೆಚ್ಚಾಗಿ ಬೇರೆಯವರ ಬೀಟ್ ಮೇಲೆ ತಾನು ರ‍್ಯಾಪ್ ಮಾಡಿದ್ದ. ಕಂಪನಿ ಅದನ್ನು ಹೊರಗೇ ಬಿಡಲಿಲ್ಲ. ‘ದಿ ಡೈರಿ’ ಅನ್ನೋ ಹೆಸರಲ್ಲಿ ಅದು ಬಂದದ್ದು 2016ರಲ್ಲಿ, ಅವನು ತೀರಿಕೊಂಡು ಹತ್ತು ವರ್ಷ ಆದ ಮೇಲೆ. ಆ ಆಲ್ಬಮ್ ಮೂಲೆಗೆ ಬಿದ್ದಿದ್ದಾಗಲೇ 2003ರಲ್ಲಿ ‘ರಫ್ ಡ್ರಾಫ್ಟ್’ ಅನ್ನು ತನ್ನದೇ ಲೇಬಲ್ಲಿನಲ್ಲಿ ಹೊರಡಿಸಿದ. ಉದ್ದೇಶಪೂರ್ವಕವಾಗಿ ಕೊಳಕಾದ, ಕ್ಯಾಸೆಟ್ ಥರದ ದನಿ ಅದರದ್ದು, ಅವನ ಕೆಲಸದಲ್ಲಿ ನನಗೆ ಬಹಳ ಇಷ್ಟವಾದದ್ದು.

2002ರ ಹೊತ್ತಿಗೇ ಕಾಯಿಲೆ ಶುರುವಾಗಿತ್ತು. ಟಿಟಿಪಿ ಅನ್ನೋ ಅಪರೂಪದ ರಕ್ತದ ರೋಗ. ಸಣ್ಣ ರಕ್ತನಾಳಗಳಲ್ಲಿ ಅಲ್ಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ, ಅದರಿಂದ ಪ್ಲೇಟ್‌ಲೆಟ್ ಕುಸಿಯುತ್ತೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತೆ. ಜೊತೆಗೆ ಲೂಪಸ್ ಇರುವುದೂ ಗೊತ್ತಾಯಿತು. 2004ರಲ್ಲಿ ಲಾಸ್ ಏಂಜಲೀಸ್‌ಗೆ ಮನೆ ಬದಲಿಸಿ, ಕಾಮನ್ ಜೊತೆ ಒಂದೇ ಮನೆಯಲ್ಲಿ ಇದ್ದ. ತಾಯಿ ಡೆಟ್ರಾಯಿಟ್ ಬಿಟ್ಟು ಬಂದು ನೋಡಿಕೊಂಡರು. 2005ರ ಕೊನೆಗೆ ಯುರೋಪಿನಲ್ಲಿ ಗಾಲಿಕುರ್ಚಿಯಲ್ಲಿ ಕೂತೇ ಕಾರ್ಯಕ್ರಮ ಕೊಟ್ಟ.

‘ಡೋನಟ್ಸ್’ ಬಂದದ್ದು 2006ರ ಫೆಬ್ರವರಿ 7ರಂದು, ಅವನಿಗೆ 32 ತುಂಬಿದ ದಿನ. ಮೂರು ದಿನ ಕಳೆದು, ಫೆಬ್ರವರಿ 10ರಂದು ತೀರಿಕೊಂಡ. 31 ತುಣುಕು, ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತೆ. ಮೊದಲ ತುಣುಕಿನ ಹೆಸರಲ್ಲಿ ‘ಔಟ್ರೋ’ ಇದೆ, ಕೊನೆಯದು ‘ವೆಲ್ಕಮ್ ಟು ದಿ ಶೋ’, ಅಂದರೆ ಆಲ್ಬಮ್ ಕೊನೆಯಿಂದ ಮತ್ತೆ ಮೊದಲಿಗೆ ಬಂದು ಸೇರುತ್ತೆ. ಇದನ್ನು ಪೂರ್ತಿ ಆಸ್ಪತ್ರೆ ಹಾಸಿಗೆಯ ಮೇಲೆ ಒಂದು ಪುಟ್ಟ ಸ್ಯಾಂಪ್ಲರ್ ಇಟ್ಟುಕೊಂಡು ಮಾಡಿದ ಅನ್ನೋ ಕಥೆ ಎಲ್ಲ ಕಡೆ ಓಡಾಡುತ್ತೆ. ಬಹುಪಾಲು ಬೀಟುಗಳು ಅದಕ್ಕೂ ಮುಂಚೆ ಮಾಡಿಟ್ಟವು. ಅದನ್ನು ಆಲ್ಬಮ್ ಉದ್ದಕ್ಕೆ ಬೆಳೆಸಿ ಜೋಡಿಸುವುದರಲ್ಲಿ ಸ್ಟೋನ್ಸ್ ಥ್ರೋ ಲೇಬಲ್ಲಿನ ಜೆಫ್ ಜ್ಯಾಂಕ್ ಅವರ ಕೈ ಇದೆ. ಆಸ್ಪತ್ರೆಯಲ್ಲೂ ಅವನು ಕೆಲಸ ಮಾಡಿದ್ದು ಹೌದು. ಆದರೆ ಸಾವಿನ ನೆರಳಲ್ಲಿ ಹುಟ್ಟಿದ ಪವಾಡ ಅಂತ ಹೇಳಿದರೆ ಹದಿನೈದು ವರ್ಷದ ದಿನನಿತ್ಯದ ಅಭ್ಯಾಸವನ್ನು ಬದಿಗೆ ಸರಿಸಿದ ಹಾಗಾಗುತ್ತೆ. ಅರ್ಧಕ್ಕೆ ನಿಂತಿದ್ದ ‘ದಿ ಶೈನಿಂಗ್’ ಆಲ್ಬಮ್ಮನ್ನು ಗೆಳೆಯ ಕರೀಮ್ ರಿಗಿನ್ಸ್ ಮುಗಿಸಿ ಅದೇ ವರ್ಷ ಹೊರತಂದ. ಅವನ ಎಂಪಿಸಿ 3000 ಮತ್ತು ಅವನಿಗೆಂದೇ ಮಾಡಿದ ಮಿನಿಮೂಗ್ ವಾಯೇಜರ್ ಕೀಬೋರ್ಡ್ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್‌ಗೆ ಸೇರಿದ ಆಫ್ರಿಕನ್ ಅಮೆರಿಕನ್ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿವೆ. ತಾಯಿಯೇ ಕೊಟ್ಟದ್ದು.

ಇನ್ನು ನಮ್ಮ ಕಡೆಯ ವಿಷಯ. ಕೊಡವ ವಾಲಗಕ್ಕೆ ಮದುವೆ ಮನೆಯಲ್ಲಿ ಕುಣಿದವರ ಮೈಗೆ ಆರರ ನಡೆ ಗೊತ್ತು. ಅದನ್ನು ಮೂರು ಮೂರಾಗಿಯೂ ಎರಡೆರಡಾಗಿಯೂ ಹಿಡಿಯಬಹುದು. ಹೀಗಾಗಿ ವಾಲಗದ ತುಣುಕನ್ನು ನಾಲ್ಕರ ಬೀಟಿಗೆ ಕೂರಿಸಬೇಕಾದರೆ ಅದನ್ನು ನಾಲ್ಕಕ್ಕೆ ಹಿಗ್ಗಿಸಲು ಹೋಗಬೇಡಿ, ವಾಲಗ ಸತ್ತುಹೋಗುತ್ತೆ. ಮೂರು ಸಣ್ಣ ಎಣಿಕೆಗೆ ಒಂದು ದೊಡ್ಡ ಬಡಿತ ಅಂತ ಹಿಡಿದು, ಆ ದೊಡ್ಡ ಬಡಿತದ ವೇಗಕ್ಕೆ ಸಾಫ್ಟ್‌ವೇರನ್ನು ಹೊಂದಿಸಿ. ವಾಲಗ ತನ್ನ ತಕಿಟದಲ್ಲೇ ಇರಲಿ, ಮೇಲೆ ಹೈ-ಹ್ಯಾಟ್ ತಕಧಿಮಿಯಲ್ಲಿ ನೆಟ್ಟಗೆ ಹೋಗಲಿ. ಡಿಲ್ಲಾ ಟಿಕ್ ಟಿಕ್ಕಾಗಿ ಕಟ್ಟಿದ ಎಳೆದಾಟ ಇಲ್ಲಿ ಅರ್ಧ ತಾನಾಗೇ ಸಿಗುತ್ತೆ. ಕಿಕ್ಕನ್ನು ಎರಡರ ನಡುವೆ, 58 ಅಥವಾ 60ರ ಸುತ್ತ ಇಟ್ಟರೆ ಎರಡೂ ಬೆಸೆಯುತ್ತವೆ. ನುಡಿಸುವವರ ವೇಗ ಹಾಡಿನುದ್ದಕ್ಕೂ ಏರುತ್ತಾ ಇಳಿಯುತ್ತಾ ಇರುತ್ತೆ, ಹಾಗಾಗಿ ಇಡೀ ರೆಕಾರ್ಡಿಂಗನ್ನು ಸಾಫ್ಟ್‌ವೇರ್ ಕೈಯಲ್ಲಿ ಎಳೆಸಿ ಸಮ ಮಾಡಿಸಬೇಡಿ. ಒಂದೊಂದು ಆರರ ಸುತ್ತನ್ನು ಕತ್ತರಿಸಿ ಒಂದೊಂದು ಪ್ಯಾಡಿಗೆ ಹಾಕಿ, ಪ್ರತಿ ದೊಡ್ಡ ಬಡಿತದ ಜೋಡಿಗೆ ಒಂದು ಪೆಟ್ಟು ಕೊಡಿ.

ಕೊಡವರ ಪುಟ್ಟ ಕೈಡೋಲು ದುಡಿಯನ್ನು ರೆಕಾರ್ಡ್ ಮಾಡುವುದಾದರೆ ಜನವರಿಯಿಂದ ಮಾರ್ಚ್ ಒಳ್ಳೆಯ ಸಮಯ. ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಬೀಳುವ ಮಳೆ ಎಲ್ಲ ಎತ್ತರದ ಸ್ವರಗಳಲ್ಲೂ ಹರಡಿಕೊಂಡಿರುತ್ತೆ, ಯಾವ ಫಿಲ್ಟರೂ ದುಡಿಯನ್ನು ಉಳಿಸಿ ಮಳೆಯನ್ನು ಮಾತ್ರ ತೆಗೆಯುವುದಿಲ್ಲ. ಸಂಜೆ ಜೀರುಂಡೆ ಶುರುವಾಗುವ ಮುಂಚೆ ಮುಗಿಸಿ. ಫೋನನ್ನು ದುಡಿಯ ಮುಖಕ್ಕೆ ನೇರ ಹಿಡಿಯದೆ, ಒಂದೂವರೆ ಅಡಿ ದೂರ, ಸ್ವಲ್ಪ ಓರೆಯಾಗಿ ಇಡಿ. ಫೋನಿನ ಮಾಮೂಲಿ ರೆಕಾರ್ಡರ್ ದನಿಯನ್ನು ತಾನೇ ಏರಿಸಿ ಇಳಿಸಿ ಮಾಡುತ್ತೆ, ಪೆಟ್ಟಿನ ಪ್ರಾಣವೇ ಹೋಗುತ್ತೆ. ಅದನ್ನು ಆಫ್ ಮಾಡಲು ಬಿಡುವ ಆ್ಯಪ್ ಹಾಕಿಕೊಳ್ಳಿ, ಅತಿ ಜೋರಿನ ಪೆಟ್ಟು ಮೈನಸ್ 12 ಡೆಸಿಬೆಲ್ ಹತ್ತಿರ ಬರುವ ಹಾಗೆ ನೋಡಿಕೊಳ್ಳಿ, ವೇವ್‌ನಲ್ಲಿ ಉಳಿಸಿ. ಮನೆಯ ದೊಡ್ಡ ಕೋಣೆಯಾದರೆ ನೆಲಕ್ಕೆ ಜಮಖಾನ, ಗೋಡೆಗೆ ಕಂಬಳಿ. ಒಂಟಿ ಪೆಟ್ಟುಗಳನ್ನು ಬೇರೆ ಬೇರೆ ಜೋರಿನಲ್ಲಿ ಹತ್ತಿಪ್ಪತ್ತು ತೆಗೆದುಕೊಳ್ಳಿ, ಆಮೇಲೆ ಹಾಡಿನ ಜೊತೆಗೊಂದು ಪೂರ್ತಿ ಸುತ್ತು. ಆಡಿಯೋ ಇಂಟರ್‌ಫೇಸ್ ಇನ್ವರ್ಟರ್ ಮೇಲೆ ಓಡುವಾಗ ಗುಂಯ್ ಅನ್ನೋ ಸದ್ದು ಬಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್‌ನಿಂದ ಇರಬಹುದು. ಚಾರ್ಜರ್ ಕಿತ್ತು ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಮಾಡಿ ನೋಡಿ. ಮೈಕನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡದಿದ್ದರೆ ಬೂಸ್ಟು ಹಿಡಿಯುತ್ತೆ.

ಹಳೇ ಕ್ಯಾಸೆಟ್ಟಿನ ವಾಲಗ, ರೇಡಿಯೋದಲ್ಲಿ ಬಂದ ದುಡಿಕೊಟ್ಟ್ ಪಾಟ್ (ದುಡಿ ಬಡಿದು ಹಾಡುವ ಹಾಡು) ಎತ್ತಿ ಹಾಕುವ ಮುಂಚೆ ಒಂದು ವಿಷಯ. ಹಾಡಿನ ಮಟ್ಟು ತಲೆತಲಾಂತರದ್ದಾದರೂ ಆ ರೆಕಾರ್ಡಿಂಗ್ ಯಾರದ್ದೋ ಆಗಿರುತ್ತೆ. ನಮ್ಮ ದೇಶದ ಕಾನೂನಿನಲ್ಲಿ ರೆಕಾರ್ಡಿಂಗಿನ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ, ನುಡಿಸಿದವರ ಹಕ್ಕು 50 ವರ್ಷ. ಎಂಬತ್ತು ತೊಂಬತ್ತರ ದಶಕದ ಕ್ಯಾಸೆಟ್ ಯಾವುದೂ ಇನ್ನೂ ಮುಕ್ತವಾಗಿಲ್ಲ. ಅದಕ್ಕಿಂತ ವಾಲಗದವರನ್ನೋ ದುಡಿ ಬಡಿಯುವ ಹಿರಿಯರನ್ನೋ ಕಂಡು, ಮದುವೆಗೆ ಕರೆದಾಗ ಕೊಡುವ ಸಂಭಾವನೆಯ ಲೆಕ್ಕದಲ್ಲೇ ದುಡ್ಡು ಕೊಟ್ಟು ಹೊಸದಾಗಿ ರೆಕಾರ್ಡ್ ಮಾಡುವುದು ಸುಲಭ. ದನಿಯೂ ಚೆನ್ನಾಗಿರುತ್ತೆ.

ಡಿಲ್ಲಾನ ಕೆಲಸ ಉಮ್ಮಾ ಹೆಸರಿನ ಹಿಂದೆ ಕಾಣದೆ ಹೋದದ್ದನ್ನು ಮೇಲೆ ಹೇಳಿದೆ. ಅವನು ಹೋದ ಮೇಲೆ ಸಾಲ, ತೆರಿಗೆ ಬಾಕಿ, ಬಿಟ್ಟುಹೋದ ಬೀಟುಗಳು ಯಾರ ವಶ ಅನ್ನೋ ಜಗಳದಲ್ಲಿ ತಾಯಿ ವರ್ಷಗಟ್ಟಲೆ ಸಿಕ್ಕಿಕೊಂಡರು. ಆದ್ದರಿಂದ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ದಿನ, ಎಲ್ಲಿ, ಯಾರು ಯಾವ ವಾದ್ಯ ನುಡಿಸಿದರು, ಎಷ್ಟು ಕೊಟ್ಟಿರಿ, ಆ ರೆಕಾರ್ಡಿಂಗನ್ನು ಒಂದೇ ಹಾಡಿಗೆ ಬಳಸುತ್ತೀರೋ ಬೇರೆಯದಕ್ಕೂ ಬಳಸಬಹುದೋ, ಹಾಡಿನಿಂದ ದುಡ್ಡು ಬಂದರೆ ಅವರ ಪಾಲೆಷ್ಟು. ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಹಾಡು ಅಪ್‌ಲೋಡ್ ಮಾಡುವಾಗ ನುಡಿಸಿದವರ ಹೆಸರನ್ನು ವಿವರಣೆಯ ತಳದಲ್ಲಿ ತುರುಕದೆ ಕಲಾವಿದರ ಹೆಸರು ಕೇಳುವ ಕಡೆಯೇ ತುಂಬಿ, ಅವರು ಹೇಳಿದ ಕಾಗುಣಿತದಲ್ಲೇ.